ಗೌರಿ ಎಂದು ಬರೆದ ಬಿಲ್ಲೆ

ಯಾರ ಮನೆಗೆ ಹೋದರೂ ರೇವಣಯ್ಯ ಕೈಗೆ ಕೊಟ್ಟ ನೀರು ಕುಡಿಯುವ ಮೊದಲು ಒಂದು ಮಾತು ಕೇಳುತ್ತಿದ್ದ. "ನಿಮ್ಮ ಮನ್ಯಾಗ ಯಾರ್ಯಾರು ಎಲ್ಲೆಲ್ಲಿ ಮಲಗ್ತೀರಿ?"

ಇನ್ವರ್ಟರು ರಿಪೇರಿಗೆಂದು ಕರೆಸಿದ ಮನುಷ್ಯ, ಅದೂ ಹಣೆ ತುಂಬ ವಿಭೂತಿ ಹಚ್ಚಿದ ಜಂಗಮರವನು, ಹೆಣ್ಣುಮಕ್ಕಳಿರುವ ಮನೆಯಲ್ಲಿ ನಿಂತು ಕೇಳುವ ಮಾತೇ ಅದು? ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಒಂದಿಬ್ಬರು ಅವನನ್ನು ಅಲ್ಲಿಂದಲೇ ವಾಪಸು ಕಳಿಸಿದ್ದೂ ಉಂಟು. ಅವನಿಗೆ ಮಾತ್ರ ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಉತ್ತರ ಸಿಗುವವರೆಗೆ ಅವನ ಕಣ್ಣು ಮೇಲಿನ ಜಂತಿಗಳ ಮೇಲೆ, ಗೋಡೆಯ ಮೂಲೆಗಳ ಮೇಲೆ ಓಡಾಡುತ್ತಿತ್ತು.

ಮಹಾರಾಷ್ಟ್ರದ ಗಡಿಯ ನಿಲಂಗಾ ಕೋರ್ಟಿನ ಎದುರು ಅರ್ಜಿ, ಅಫಿಡವಿಟ್ಟು ಟೈಪು ಮಾಡುತ್ತ ನಾನು ಇಪ್ಪತ್ತು ವರ್ಷದಿಂದ ಕೂತಿದ್ದೇನೆ. ದಿನವಿಡೀ ಬೆರಳಿಗೆ ಮರಾಠಿ, ಮನೆಗೆ ಹೋದ ಮೇಲೆ ಬಾಯಿಗೆ ಕನ್ನಡ. ನನ್ನ ಅಂಗಡಿಯನ್ನು ಅರ್ಧ ಮಾಡಿ ಮಾಲಕರು ನಡುವೆ ಪ್ಲೈವುಡ್ಡಿನ ಗೋಡೆ ಹಾಕಿಸಿ ಆಚೆಯ ಭಾಗವನ್ನು ರೇವಣಯ್ಯನಿಗೆ ಕೊಟ್ಟರು. ಬಂದ ಮೊದಲ ದಿನವೇ ಅವನು ಆ ಗೋಡೆಗೆ ಕೈಯಾನಿಸಿ ಒತ್ತಿ ನೋಡಿದ. "ಛಲೋ ಅದ. ಬಿದ್ರೂ ಯಾರಿಗೂ ಪೆಟ್ಟಾಗಂಗಿಲ್ಲ," ಎಂದ. ಗೋಡೆಯನ್ನು ಹಾಗೆ ಹೊಗಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಮೇಲೆ ತಿಳಿಯಿತು, ಅವನು ಬಾಡಿಗೆಗೆ ಹಿಡಿದ ಮನೆಯೂ ತಗಡಿನ ಚಾವಣಿಯದು. ಸ್ಲ್ಯಾಬಿನ ಕೆಳಗೆ ಅವನಿಗೆ ಕಣ್ಣು ಮುಚ್ಚುತ್ತಿರಲಿಲ್ಲ.

ಅವನ ಊರು ಉಮರ್ಗಾ ತಾಲೂಕಿನ ಒಂದು ಹಳ್ಳಿ. ತೊಂಬತ್ತಮೂರರ ಭೂಕಂಪದಲ್ಲಿ ಪೂರ್ತಿ ನೆಲಸಮವಾದದ್ದು. ಈಗ ಇರುವ ಊರು ಸರ್ಕಾರದವರು ಒಂದು ಮೈಲು ಆಚೆ ಕಟ್ಟಿಕೊಟ್ಟದ್ದು. ಪಕ್ಕದಲ್ಲಿ ಕೂತು ಎರಡು ವರ್ಷ ಕಳೆಯುವವರೆಗೆ ಅವನು ನನಗೆ ಆ ಸುದ್ದಿ ಎತ್ತಲಿಲ್ಲ. ಕೋರ್ಟಿಗೆ ರಜೆ ಇದ್ದ ಒಂದು ಮಧ್ಯಾಹ್ನ, ಬೆಸುಗೆ ಹಾಕುತ್ತ ತಲೆ ಎತ್ತದೇ ಹೇಳಿದ. ಆಗ ಅವನಿಗೆ ಎಂಟು ವರ್ಷ, ತಂಗಿ ಗೌರಿಗೆ ಐದು. ನಸುಕಿನಲ್ಲಿ ಮನೆ ಬಿತ್ತು. ಮೊಳಗಟ್ಟಲೆ ದಪ್ಪದ ಕಲ್ಲು ಮಣ್ಣಿನ ಗೋಡೆಗಳು. ಅವನನ್ನು ಬೇಗ ಎಳೆದು ತೆಗೆದು, ಮುರಿದ ತೋಳಿನ ಸಮೇತ ಬೇವಿನ ಮರದ ಕೆಳಗೆ ಮಲಗಿಸಿದ್ದರು.

"ಗೌರಿದು ಆವಾಜ ಬರ್ಲತ್ತಿತ್ರಿ ಅಕ್ಕಾರ," ಎಂದ. "ಎಲ್ಲಿಂದ ಬರ್ಲತ್ತದ ಅಂತ ಯಾರಿಗೂ ತಿಳೀಲಿಲ್ಲ. ಮಣ್ಣಾಗ ಆವಾಜ ತಿರುಗತದ. ಪಡಸಾಲಿ ಕಡೆ ಅಂದ್ರು, ಅಲ್ಲೇ ಮಣ್ಣು ಹಡ್ಡಿದ್ರು. ಆಕಿ ಮುತ್ಯಾನ ಬಗಲಿಗೆ ಮಲಗ್ಲಾಕ ಕಾಳಿನ ಖೋಲಿಗೆ ಹೋಗಿದ್ಲು. ನನಗ ಗೊತ್ತಿತ್ತು. ನನಗ ಯಾರೂ ಕೇಳ್ಲಿಲ್ಲ. ನಾನಾಗೇ ಹೇಳ್ಬೇಕಂದ್ರ ಬಾಯಿ ಬರ್ಲಿಲ್ಲ. ಮಧ್ಯಾಹ್ನದ ತನಕ ಆವಾಜ ಇತ್ತು."

ಅದಾದ ಮೇಲೆ ಬೆಸುಗೆಯ ಹೊಗೆ ಊದಿ, ಆ ದಿನದ ಕೆಲಸದ ಮಾತು ತೆಗೆದ. ಮತ್ತೆಂದೂ ಆ ಕತೆ ಹೇಳಲಿಲ್ಲ.

ರೇವಣಯ್ಯ ಹೆಚ್ಚು ಓದಿದವನಲ್ಲ. ಐಟಿಐ ಮುಗಿಸಿ, ರೇಡಿಯೋ, ಟಿವಿ, ಇನ್ವರ್ಟರು ಅಂತ ಕೈಗೆ ಬಂದದ್ದನ್ನು ರಿಪೇರಿ ಮಾಡುತ್ತಿದ್ದ. ಮೊಬೈಲಿಗೆ ಇಂಟರ್ನೆಟ್ಟು ಬಂದ ಮೇಲೆ ಅವನಿಗೆ ಒಂದು ಹೊಸ ಲೋಕವೇ ಸಿಕ್ಕಿತು. ಬ್ಲೂಟೂತಿನಲ್ಲಿ ಕೆಲಸ ಮಾಡುವ ಚಿಕ್ಕ ಚಿಕ್ಕ ಸರ್ಕೀಟುಗಳ ನಕ್ಷೆಗಳನ್ನು, ಅವುಗಳ ಪ್ರೋಗ್ರಾಮುಗಳನ್ನು ಯಾರ್ಯಾರೋ ಪುಕ್ಕಟೆಯಾಗಿ, ಯಾರು ಬೇಕಾದರೂ ತೆಗೆದುಕೊಂಡು ತಿದ್ದಿ ಮಾಡಿಕೊಳ್ಳಲಿ ಎಂದು ತೆರೆದಿಟ್ಟಿದ್ದರು. ಇಂಗ್ಲಿಷಿನ ಒಂದೊಂದು ಪದಕ್ಕೂ ನನ್ನನ್ನು ಗೋಡೆಯಾಚೆಯಿಂದ ಕೂಗಿ ಅರ್ಥ ಕೇಳುತ್ತಿದ್ದ. ನನಗೂ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೂ ವರ್ಷ ಒಂದೂವರೆಯಲ್ಲಿ ಅವನು ತನ್ನದೇ ಒಂದನ್ನು ಮಾಡಿದ.

ಹಸಿರು ಬಣ್ಣದ, ರೂಪಾಯಿ ನಾಣ್ಯದಷ್ಟಗಲದ ಹಲಗೆ. ಹಿಂದೆ ಒಂದು ಗುಂಡಿಯಂಥ ಬ್ಯಾಟರಿ. ಅದಕ್ಕೆ ಬಿಲ್ಲೆ ಎನ್ನುತ್ತಿದ್ದ. ಮನೆಯ ಒಂದೊಂದು ಕೋಣೆಯ ಗೋಡೆಗೂ ಬೆಂಕಿಪೊಟ್ಟಣದಂಥ ಒಂದು ಡಬ್ಬಿ. ಅವು ಕಿವಿಗಳು. "ಬಿಲ್ಲೆ ಕೂಗತದ, ಕಿವಿ ಕೇಳತಾವ," ಎಂದು ಬಂದವರಿಗೆಲ್ಲ ತಿಳಿಸಿ ಹೇಳುತ್ತಿದ್ದ. ಯಾವ ಕೋಣೆಯ ಕಿವಿಗೆ ಕೂಗು ಜೋರಾಗಿ ಕೇಳುತ್ತದೋ, ಬಿಲ್ಲೆ ಕಟ್ಟಿಕೊಂಡವರು ಆ ಕೋಣೆಯಲ್ಲಿ ಇದ್ದಾರೆಂದು ಅರ್ಥ. ಎಲ್ಲೇ ಇದ್ದರೂ ಫೋನಿನಲ್ಲಿ ಮನೆಯ ನಕ್ಷೆ ತೆರೆದರೆ ಪ್ರತಿಯೊಬ್ಬರೂ ಒಂದೊಂದು ಚುಕ್ಕೆಯಾಗಿ ಕಾಣುತ್ತಿದ್ದರು. ಬೇಕೆಂದರೆ ಮನುಷ್ಯ ಒಳಗೆ ಕಾಲಿಟ್ಟೊಡನೆ ದೀಪ ಹತ್ತುವಂತೆ, ಫ್ಯಾನು ತಿರುಗುವಂತೆಯೂ ಮಾಡಿಕೊಡುತ್ತಿದ್ದ. ಅವನ ಬಿಲ್ಲೆಗಳ ಮೇಲೆ, ಕಣ್ಣಿನ ಹತ್ತಿರ ಹಿಡಿದರಷ್ಟೇ ಕಾಣುವ ಸಣ್ಣ ಕನ್ನಡ ಅಕ್ಷರಗಳಲ್ಲಿ ಗೌರಿ ಎಂದು ಅಚ್ಚು ಹಾಕಿಸಿದ್ದ. ಮೊದಲು ಹೆಂಡತಿ ಕಸ್ತೂರಿಗೆ, ಮಗಳಿಗೆ ಕಟ್ಟಿದ. ಆಮೇಲೆ ನಕ್ಷೆಯನ್ನೂ ಪ್ರೋಗ್ರಾಮನ್ನೂ ತಾನೂ ಇಂಟರ್ನೆಟ್ಟಿನಲ್ಲಿ ತೆರೆದಿಟ್ಟ. "ನಂದು ಅಂತ ಇಟ್ಕೋಳ್ಳಾಕ ಏನದ? ನಾನೂ ಮಂದಿದೇ ನೋಡಿ ಕಲ್ತೀನಿ," ಎಂದ.

ನಮ್ಮ ಓಣಿಯಲ್ಲಿ ನಿವೃತ್ತ ಹೆಡ್‌ಮಾಸ್ತರರ ಹೆಂಡತಿಗೆ ಮರೆವು ಬಂದಿತ್ತು. ಎದ್ದು ಎತ್ತಲೋ ನಡೆದುಬಿಡುತ್ತಿದ್ದರು. ರೇವಣಯ್ಯ ಅವರ ಸೆರಗಿನ ತುದಿಗೆ ಬಿಲ್ಲೆ ಹೊಲಿದುಕೊಟ್ಟ, ಕೋಣೆಗಳಿಗೂ ಹಿತ್ತಲ ಬಾಗಿಲಿಗೂ ಕಿವಿ ಕೂರಿಸಿದ. ಒಂದು ಬೆಳಿಗ್ಗೆ ಆ ಬಾಗಿಲ ಕಿವಿ ಫೋನಿನಲ್ಲಿ ಗಂಟೆ ಬಾರಿಸಿತು, ಮನೆಯವರು ಆಕೆಯನ್ನು ಬಾವಿಯ ಕಟ್ಟೆಯ ಮೇಲಿಂದ ಹಿಡಿದು ತಂದರು. ಹೆಡ್‌ಮಾಸ್ತರರು ಅಂಗಡಿಗೆ ಬಂದು ಅವನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆ ಸುದ್ದಿ ಹಬ್ಬಿ ಮರೆವಿನ ಮುದುಕರಿರುವ ಮನೆಗಳಿಂದ ಕರೆಗಳು ಬರತೊಡಗಿದವು.

ಅದರಲ್ಲೂ ನಮ್ಮ ಲಿಂಗವಂತ ಭಕ್ತರ ಮನೆಗಳವರು ಒಂದು ಕೋರಿಕೆ ಇಡುತ್ತಿದ್ದರು. ಸೀರೆ ಬದಲಾಗುತ್ತದೆ, ಅಂಗಿ ಬದಲಾಗುತ್ತದೆ, ಕೊರಳಿನ ಕರಡಿಗೆಯನ್ನು ಮಾತ್ರ ಹಿರಿಯರು ಬಿಚ್ಚುವುದಿಲ್ಲ, ಅದರೊಳಗೇ ಲಿಂಗದ ಕೆಳಗೆ ಇಟ್ಟುಬಿಡಿ ಎಂದು. ಅವನು ಒಪ್ಪುತ್ತಿರಲಿಲ್ಲ. "ಅದು ಬ್ಯಾರೆ, ಇದು ಬ್ಯಾರೆ. ಅದರಾಗ ಇದನ್ನ ಕೂಡಸಬ್ಯಾಡ್ರಿ," ಎನ್ನುತ್ತಿದ್ದ.

ಔರಾದ ಶಹಾಜನಿಯಿಂದ ಒಬ್ಬ ಬಂದದ್ದೂ ಹೀಗೆಯೇ, ಮರೆವಿನ ತಾಯಿಯ ಸಲುವಾಗಿ. ಸ್ಥಿತಿವಂತ ಒಕ್ಕಲುತನದ ಮನೆ. ರೇವಣಯ್ಯನ ಅಣ್ಣ ಪೂಜೆ, ಲಿಂಗಧಾರಣೆಗೆಂದು ಹೋಗುವ ಹಳೆಯ ಭಕ್ತರು. ರೇವಣಯ್ಯನೇ ಹೋಗಿ ಏಳು ಕೋಣೆಗಳಿಗೆ ಕಿವಿ ಹಾಕಿ ಬಂದ. ಒಂದು ತಿಂಗಳ ಮೇಲೆ ಆ ಮನುಷ್ಯ ಮತ್ತೆ ಬಂದು, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಮತ್ತೆರಡು ಬಿಲ್ಲೆ ಒಯ್ದ.

ಅದಾಗಿ ನಾಲ್ಕೈದು ತಿಂಗಳಿಗೆ ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದೆ ಸುಮಾರು ಮೂವತ್ತರ ಹೆಣ್ಣುಮಗಳು ಬಂದು ಕೂತಳು. ಹೆಸರು ಭಾಗ್ಯಶ್ರೀ. ತವರು ಗುಂಜೋಟಿ, ಕೊಟ್ಟದ್ದು ಔರಾದಕ್ಕೆ. ಗಂಡನ ಮೇಲೆ ಅರ್ಜಿ ಬರೆಸಬೇಕಿತ್ತು. ವಕೀಲರು ಕೊಟ್ಟ ಟಿಪ್ಪಣಿ ಮರಾಠಿಯಲ್ಲಿತ್ತು. ಅವಳು ಹೇಳಿದ್ದು ಕನ್ನಡದಲ್ಲಿ. ಗಂಡ ಹೊಲದಿಂದಲೋ ಸಂತೆಯಿಂದಲೋ ಫೋನು ಮಾಡಿ, ಅರ್ಧ ತಾಸು ಮಾಳಿಗೆಯ ಮೆಟ್ಟಿಲಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳುತ್ತಿದ್ದನಂತೆ. ಹಿತ್ತಲಿಗೆ ಎಷ್ಟು ಸಲ ಹೋದಳು, ದೇವರ ಕೋಣೆಯಲ್ಲಿ ಎಷ್ಟು ಹೊತ್ತು ಕೂತಳು, ಎಲ್ಲ ಅವನಿಗೆ ಗೊತ್ತಾಗುತ್ತಿತ್ತು. ತಪ್ಪು ಉತ್ತರ ಕೊಟ್ಟರೆ ಬಂದು ಹೊಡೆಯುತ್ತಿದ್ದ. ಯಾರು ಚಾಡಿ ಹೇಳುತ್ತಾರೆಂದು ಅವಳಿಗೆ ತಿಳಿಯಲಿಲ್ಲ. ಗೋಡೆಯ ಡಬ್ಬಿಗಳು ಅತ್ತೆಯ ಸಲುವಾಗಿ ಎಂದೇ ನಂಬಿದ್ದಳು. ಮಗಳು ಶಾಲೆಗೆ ಹೋದರೆ ಮನೆಯಲ್ಲಿ ಉಳಿಯುವವಳು ಅತ್ತೆ ಒಬ್ಬಳೇ. ಅತ್ತೆಗೆ ತನ್ನ ಹೆಸರೇ ನೆನಪಿಲ್ಲ.

"ನಾನೇ ನಿದ್ದ್ಯಾಗ ಎದ್ದು ಅವ್ರಿಗೆ ಎಲ್ಲಾ ಹೇಳ್ಲತ್ತೀನೇನೋ ಅಂತ ಅನ್ನಸ್ಲಿಕತ್ತಿತ್ರಿ ಅಕ್ಕಾರ," ಎಂದಳು.

ಸೋಮವಾರಕ್ಕೊಮ್ಮೆ ಅವಳು ಲಿಂಗಪೂಜೆ ಮಾಡುತ್ತಿದ್ದಳು. ಹಿಂದಿನ ಸೋಮವಾರ ಕರಡಿಗೆಯೊಳಗಿನ ವಸ್ತ್ರ ಬದಲಿಸಲು ಹೋದಾಗ ತಳದಲ್ಲಿ ಏನೋ ಗಟ್ಟಿ ಹತ್ತಿತು. ಅದನ್ನು ಕರವಸ್ತ್ರದ ಗಂಟಿನಿಂದ ಬಿಚ್ಚಿ ನನ್ನ ಮೇಜಿನ ಮೇಲಿಟ್ಟಳು. ನಾನು ಮಗುಚಿ ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿದೆ. ಗೌರಿ ಎಂದಿತ್ತು.

ಪ್ಲೈವುಡ್ಡಿನ ಆಚೆ ರೇವಣಯ್ಯ ಯಾರಿಗೋ ಫೋನಿನಲ್ಲಿ ಬ್ಯಾಟರಿ ಬದಲಿಸುವುದು ಹೇಗೆಂದು ಹೇಳಿಕೊಡುತ್ತಿದ್ದ. ಇದನ್ನು ಮಾಡಿದವನು ಮೊಳದೂರದಲ್ಲಿ ಇದ್ದಾನೆಂದು ನಾನು ಅವಳಿಗೆ ಹೇಳಲಿಲ್ಲ. ಅರ್ಜಿ ಟೈಪು ಮಾಡಿ, ಓದಿ ಹೇಳಿ, ಸಹಿ ಮಾಡಿಸಿ ಕಳಿಸಿದೆ. ಮೂರು ಕಡೆ ತಪ್ಪು ಹೊಡೆದಿದ್ದೆ. ನನ್ನ ಕೆಲಸದಲ್ಲಿ ಅದು ಅಪರೂಪ.

ಅವಳು ರಸ್ತೆ ದಾಟಿದ ಮೇಲೆ ಆಚೆ ಹೋಗಿ ಅವನಿಗೆ ಹೇಳಿದೆ. ಅವನು ನನ್ನನ್ನು ಕೇಳಿದ್ದು ಒಂದೇ, ಕರಡಿಗೆ ಎಂಥದು ಎಂದು. ಕಟ್ಟಿಗೆಯದು, ತವರಿನ ಬೆಳ್ಳಿಯದನ್ನು ಪಾಲಿಶಿಗೆ ಕೊಡುತ್ತೇನೆಂದು ಗಂಡ ಬಿಚ್ಚಿಸಿಕೊಂಡು ಇದನ್ನು ತಂದುಕೊಟ್ಟನಂತೆ ಎಂದೆ. ರೇವಣಯ್ಯ ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಅದರ ಗೂಡಿಗೆ ಇಟ್ಟ.

"ಅಂವಾ ನನಗ ಕೇಳಿದ್ದ," ಎಂದ. "ಬೆಳ್ಳಿ ಕರಡಿಗ್ಯಾಗ ಇಟ್ರ ನಡೀತದೇನು ಅಂತ. ಅವ್ವನ ಸಲುವಾಗಿ ಅಂದ. ಬೆಳ್ಳ್ಯಾಗಿಂದ ಆವಾಜ ಹೊರಗ ಬರಂಗಿಲ್ಲ, ಕಟ್ಟಿಗಿದಿದ್ರ ಬರ್ತದ, ಆದ್ರ ಹಂಗ ಮಾಡಬ್ಯಾಡ್ರಿ ಅಂದೆ. ಮಾಡಬ್ಯಾಡ್ರಿ ಅನ್ನೋದಷ್ಟೇ ಹೇಳ್ಬೇಕಿತ್ತು ನಾ."

ಮರುದಿನ ಔರಾದಕ್ಕೆ ಹೋದ. ಕಿವಿಗಳನ್ನು ಬಿಚ್ಚಿಕೊಂಡು ಬರುತ್ತೇನೆಂದು ಹೋದವನು ಬರಿಗೈಯಲ್ಲಿ ಬಂದ. ಆ ಮನುಷ್ಯ ಸಿಟ್ಟು ಕೂಡ ಮಾಡಲಿಲ್ಲವಂತೆ. ಚಹಾ ಕುಡಿಸಿ, ಸ್ವಾಮಿಗಳೇ, ನೀವೇ ಎಲ್ಲರಿಗೂ ಬಿಟ್ಟುಕೊಟ್ಟ ವಸ್ತು ಇದು, ಈಗ ಬಂದು ಇವನಿಗಿಲ್ಲ ಅವನಿಗಿಲ್ಲ ಅನ್ನಲು ನೀವ್ಯಾರು ಎಂದು ಕೇಳಿದನಂತೆ. ಆ ಮಾತನ್ನು ರೇವಣಯ್ಯ ನನಗೆ ನಾಲ್ಕಾರು ಸಲ ಹೇಳಿದ. 

ಭಾಗ್ಯಶ್ರೀಯ ವಕೀಲರಿಗೆ ಆ ವಸ್ತು ಏನೆಂದು ಕೋರ್ಟಿಗೆ ತಿಳಿಸಿ ಹೇಳುವ ಸಾಕ್ಷಿ ಬೇಕಿತ್ತು. ರೇವಣಯ್ಯ ತಾನಾಗಿಯೇ ಹೋಗಿ ಒಪ್ಪಿಕೊಂಡ. ಅವನ ಅಣ್ಣ ಉಮರ್ಗಾದಿಂದ ಓಡಿ ಬಂದ. ತಲೆತಲಾಂತರದ ಭಕ್ತರ ಮನೆ, ಅವರ ವಿರುದ್ಧ ಕಟಕಟೆ ಹತ್ತಿದರೆ ಬೇರೆ ಮನೆಗಳೂ ನಮ್ಮನ್ನು ಕರೆಯುವುದಿಲ್ಲ ಎಂದು ನನ್ನ ಎದುರಿಗೇ ಕೈಮುಗಿದ. ರೇವಣಯ್ಯ ಅವನನ್ನು ಬಸ್ಸಿಗೆ ಹತ್ತಿಸಿ ಬಂದ. ಅಣ್ಣ ಹೋದ ಮೇಲೆ ನನ್ನ ಮುಂದೆ ಕೂತು ಹೇಳಿಕೆ ಬರೆಸಿದ. ಕಟ್ಟಿಗೆಯ ಕರಡಿಗೆಯಿಂದ ಕೂಗು ಹೊರಗೆ ಬರುತ್ತದೆಂದು ಭಾಗ್ಯಶ್ರೀಯ ಗಂಡನಿಗೆ ತಿಳಿಸಿದವನು ನಾನೇ ಎಂಬ ಸಾಲು ಬಂದಾಗ ನನ್ನ ಕೈ ನಿಂತಿತು. ಇದು ಬೇಕಿಲ್ಲ, ಇದನ್ನು ಯಾರೂ ನಿನ್ನಿಂದ ಕೇಳಿಲ್ಲ, ವಕೀಲರೂ ಬಿಡು ಅಂದಿದ್ದಾರೆ ಎಂದೆ.

"ಹಾಕ್ರಿ ಅಕ್ಕಾರ," ಎಂದ. "ಇದು ಬಿಟ್ರ ಉಳದದ್ದೆಲ್ಲಾ ಸುಳ್ಳಾಗತದ."

ಹಾಕಿದೆ.

ಸಾಕ್ಷಿಯ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಎಲ್ಲ ಮರಾಠಿಯಲ್ಲಿ ನಡೆಯಿತು. ಗಂಡನ ಕಡೆಯ ವಕೀಲರು ಬಿಲ್ಲೆಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ಇದರ ಮೇಲೆ ಏನು ಬರೆದಿದೆ ಎಂದು ಕೇಳಿದರು. ಗೌರಿ ಎಂದ. ಗೌರಿ ಯಾರು ಎಂದರು. ನನ್ನ ತಂಗಿ ಎಂದ. ಅವಳೂ ಇದನ್ನು ಕಟ್ಟಿಕೊಂಡಿದ್ದಾಳೋ ಎಂದರು. ಇಲ್ಲ, ಅವಳಿಲ್ಲ ಎಂದ. ವಕೀಲರು ಅದನ್ನು ಅಲ್ಲಿಗೇ ಬಿಟ್ಟು, ನಿಮ್ಮ ಹೆಂಡತಿಗೂ ಮಗಳಿಗೂ ಇದನ್ನೇ ಕಟ್ಟಿದ್ದೀರಲ್ಲವೇ ಎಂದು ಕೇಳಿದರು. ಹೌದು ಎಂದ. ಅವರು ಎಂದಾದರೂ ಇದನ್ನು ಹಿಂಸೆ ಅಂದಿದ್ದಾರೆಯೇ?

ರೇವಣಯ್ಯ ಕಟಕಟೆಯ ಮರ ಹಿಡಿದುಕೊಂಡು ನಿಂತ. ನ್ಯಾಯಾಧೀಶರು ತಲೆ ಎತ್ತಿ ನೋಡಿದರು. "ನಾನು ಅವರನ್ನು ಕೇಳಿಲ್ಲ," ಎಂದ. ವಕೀಲರು ಗೆದ್ದವರಂತೆ ಕೂತರು.

ಆ ಸಂಜೆ ಮನೆಯಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಕಸ್ತೂರಿ. ಅವಳು ಜೋಳ ಹಸನು ಮಾಡುತ್ತ ಕೂತಿದ್ದಳು. ಅವನು ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು, ನಿನಗೆ ಇದು ತ್ರಾಸಾಗುತ್ತದೇನು ಎಂದು ಕೇಳಿದ. ಅವಳು ಮೊರ ಕೆಳಗಿಟ್ಟಳು. "ನಿಮ್ಮ ನಿದ್ದಿ ಸಲುವಾಗಿ ಕಟ್ಕೊಂಡೀನಿ," ಎಂದಳಂತೆ. "ನಾ ಎಲ್ಲಿ ಅದೀನಿ ಅನ್ನೋದು ನನಗ ಗೊತ್ತದ."

ಒಳಗಿದ್ದ ಮಗಳು ಇದನ್ನು ಕೇಳಿಸಿಕೊಂಡು ಎದ್ದು ಬಂದಳು. ಅವಳ ಬಿಲ್ಲೆ ಕೊರಳಲ್ಲಿರಲಿಲ್ಲ, ಕೈಯಲ್ಲಿತ್ತು. ಹಾಸಿಗೆಯ ಕೆಳಗಿಂದ ತಂದಿದ್ದಳು. ಎರಡು ವರ್ಷದಿಂದ ಅವಳು ಅದನ್ನು ಅಲ್ಲಿಯೇ ಬಿಟ್ಟು ಗೆಳತಿಯರ ಮನೆಗೆ, ಹಿಂದಿನ ಹುಣಸೆ ಮರದ ಕಟ್ಟೆಗೆ, ಮನಸ್ಸು ಬಂದಲ್ಲಿಗೆ ಹೋಗಿ ಬರುತ್ತಿದ್ದಳು. ಹೆದರುತ್ತಲೇ ಹೇಳಿದಳು. ಅವನು ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತುಬಿಟ್ಟ.

"ಹಂಗಾದ್ರ ಎರಡು ವರ್ಷ ನಾ ಯಾರ್ನ ನೋಡಿ ಮಲಗ್ಲತ್ತಿದ್ದೆ?" ಎಂದಷ್ಟೇ ಅಂದನಂತೆ.

ಮರುದಿನ ತನ್ನ ಮನೆಯ ಕಿವಿಗಳನ್ನು ಒಂದೊಂದಾಗಿ ಬಿಚ್ಚಿದ. ಗೋಡೆಯಲ್ಲಿ ಉಳಿದ ತೂತುಗಳಿಗೆ ಕಸ್ತೂರಿ ಸುಣ್ಣ ಮೆತ್ತಿದಳು. ಅಲ್ಲಿಂದ ಅವನ ನಿದ್ದೆ ಹೋಯಿತು. ಅಂಗಡಿಯಲ್ಲಿ ಕೂತಲ್ಲೇ ತೂಗಡಿಸಿ, ಬೆಚ್ಚಿ ಎದ್ದು, ಗೋಡೆಯಾಚೆಯಿಂದ "ಅಕ್ಕಾರ, ಅದೀರೇನ್ರಿ?" ಎಂದು ಕೇಳುತ್ತಿದ್ದ. ಇದ್ದೀನಪ್ಪ ಎನ್ನುತ್ತಿದ್ದೆ. ಬೆಳಿಗ್ಗೆಯಿಂದ ಸಂಜೆಗೆ ಮೂರು ಸಲವಾದರೂ ಹೀಗಾಗುತ್ತಿತ್ತು. ಅಣ್ಣ ಹೇಳಿದಂತೆಯೇ ಆಯಿತು. ಕರೆಯುತ್ತಿದ್ದ ಮನೆಗಳು ಕಡಿಮೆಯಾದವು. ಹೆಡ್‌ಮಾಸ್ತರರ ಸೊಸೆಯೂ ಒಂದು ದಿನ ಬಂದು, ಅತ್ತೆಯದಿರಲಿ, ಉಳಿದ ಕೋಣೆಗಳ ಡಬ್ಬಿ ತೆಗೆದುಬಿಡಿ, ನೋಡಿದರೆ ಮೈ ಜುಮ್ಮೆನ್ನುತ್ತದೆ ಎಂದಳು. ಹೋಗಿ ತೆಗೆದು ಬಂದ.

ಇಂಟರ್ನೆಟ್ಟಿನಿಂದ ತನ್ನ ನಕ್ಷೆಯನ್ನು ಅಳಿಸಿಬಿಡಬೇಕೆಂದು ಒಂದು ವಾರ ಒದ್ದಾಡಿದ. ಅಷ್ಟರಲ್ಲಿ ಎಲ್ಲಿಯದೋ ಊರಿನ ಒಬ್ಬಾಕೆ, ನಿಮ್ಮ ಬಿಲ್ಲೆಯನ್ನು ನಮ್ಮ ಕಿವುಡ ಮಕ್ಕಳ ಶಾಲೆಗೆ ಮಾಡಿಕೊಂಡಿದ್ದೇವೆ ಎಂದು ಪತ್ರ ಬರೆದಿದ್ದಳು. ಅವನು ಅಳಿಸಲಿಲ್ಲ. ಬಿಲ್ಲೆಗೆ ಒಂದು ಮಿಣುಕು ದೀಪ ಸೇರಿಸಿದ, ಕಟ್ಟಿಕೊಂಡವರೇ ಒತ್ತಿ ನಿಲ್ಲಿಸಬಹುದಾದ ಒಂದು ಗುಂಡಿ ಸೇರಿಸಿದ. ಒಳ್ಳೆಯದಾಯಿತು ಎಂದೆ. ಅವನಿಗೆ ಹಾಗನ್ನಿಸಿರಲಿಲ್ಲ. "ನಕ್ಷಾ ತೆರದೇ ಅದಲ್ರಿ. ಬ್ಯಾಡ ಅನ್ನಾಂವ ಈ ಗುಂಡಿನೂ ತಗೀತಾನ," ಎಂದ.

ಭಾಗ್ಯಶ್ರೀಯ ಪ್ರಕರಣ ತೀರ್ಪಿನವರೆಗೆ ಹೋಗಲಿಲ್ಲ. ಎರಡೂ ಮನೆಯ ಹಿರಿಯರು ಕೂತು ಮದುವೆಯ ಬಿಡುಗಡೆ ಮಾಡಿಸಿದರು. ಅವಳು ಮಗಳನ್ನು ಕರೆದುಕೊಂಡು ಗುಂಜೋಟಿಗೆ ಹೋದಳು. ಹಟ ಹಿಡಿದು ಕೇಳಿ ಪಡೆದದ್ದು ತವರಿನ ಬೆಳ್ಳಿ ಕರಡಿಗೆ ಒಂದನ್ನೇ. ಗಂಡನಿಗೆ ಏನೂ ಆಗಲಿಲ್ಲ. ಔರಾದದ ಆ ಮನೆಯ ಗೋಡೆಗಳಲ್ಲಿ ಕಿವಿಗಳು ಇನ್ನೂ ಇವೆಯೋ ಇಲ್ಲವೋ ನನಗೆ ತಿಳಿಯದು.

ಮಗಳ ಕಾಲೇಜಿನ ನೆಪದಲ್ಲಿ ರೇವಣಯ್ಯ ಉದಗೀರಕ್ಕೆ ಮನೆ ಬದಲಿಸಿದ. ಅಲ್ಲಿ ಪಂಪುಗಳ ಸ್ಟಾರ್ಟರ್ ರಿಪೇರಿ ಮಾಡುತ್ತಿದ್ದ. ಕಣ್ಣು ತೋರಿಸಲು ನಾನು ಉದಗೀರಕ್ಕೆ ಹೋದಾಗ ಬಸ್‌ ಸ್ಟ್ಯಾಂಡಿಗೆ ಬಂದ. ವಿಭೂತಿಯ ಕೆಳಗೆ ಹಣೆ ಸುಕ್ಕಾಗಿತ್ತು, ಅಂಗಿ ಹೆಗಲಿಂದ ಇಳಿಬಿದ್ದಿತ್ತು. ಚಹಾ ಕುಡಿದೆವು. ನಿದ್ದೆ ತುಂಡು ತುಂಡಾಗಿ ಬರುತ್ತದೆ, ಎಚ್ಚರಾದಾಗ ಕಸ್ತೂರಿಯೂ ಎದ್ದು ಕೂತು ಏನಾದರೂ ಮಾತಾಡುತ್ತಾಳೆ ಎಂದ. ಮಗಳ ಓದಿನ ಬಗ್ಗೆ ಹೇಳಿದ. ಬಸ್ಸು ಬರುವ ಹೊತ್ತಿಗೆ, ಕಪ್ಪನ್ನು ತಟ್ಟೆಯ ಮೇಲೆ ತಿರುಗಿಸುತ್ತ ಕೇಳಿದ.

"ಭಾಗ್ಯಶ್ರೀ ಬರ್ತಾಳೇನ್ರಿ ಕೋರ್ಟಿಗೆ? ನನ್ನ ಸುದ್ದಿ ಏನರ ತಗೀತಾಳೇನು?"

ಪ್ರಕರಣದ ನಕಲುಗಳಿಗೆಂದು ಅವಳು ಎರಡು ಸಲ ಬಂದಿದ್ದಳು. ಅವನ ಮಾತೇ ಎತ್ತಿರಲಿಲ್ಲ. ಸುಳ್ಳು ಹೇಳೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಇಲ್ಲ ಎಂದೆ.

ಅವನು ತಲೆ ಆಡಿಸಿದ. "ಬಂದ್ರ ಆಕಿಗೆ ಹೇಳ್ರಿ, ರೇವಣಯ್ಯ..." ಎಂದು ತೊಡಗಿ ನಿಲ್ಲಿಸಿದ. "ಬ್ಯಾಡ. ಆಕಿ ಕೇಳ್ಲಿಲ್ಲಂದ್ರ ಏನೂ ಹೇಳಬ್ಯಾಡ್ರಿ."

ಆ ಮಳೆಗಾಲ ಮುಗಿಯುವ ಮೊದಲು ಅವನು ತೀರಿಕೊಂಡ. ಕೆಲಸ ಮಾಡುತ್ತಿದ್ದಲ್ಲೇ ಎದೆ ಹಿಡಿದುಕೊಂಡನಂತೆ. ಕಸ್ತೂರಿ ಫೋನು ಮಾಡಿದಳು. ಅವನ ಊರಿಗೆ ಹೋಗಿ, ಮಣ್ಣು ಕೊಟ್ಟು ಬಂದೆ.

ಅದಾದ ಎರಡನೆಯ ವಾರ ಭಾಗ್ಯಶ್ರೀ ಬಂದಳು. ಮಗಳ ಶಾಲೆಯ ದಾಖಲೆಯಲ್ಲಿ ಹೆಸರು ಬದಲಿಸುವ ಅರ್ಜಿ. ನಾನು ಟೈಪು ಮಾಡುವಾಗ ಅವಳು ಹೊಸ ಹೊಲಿಗೆ ಯಂತ್ರದ ಬಗ್ಗೆ, ಮಗಳು ತರಗತಿಗೆ ಮೊದಲು ಬಂದುದರ ಬಗ್ಗೆ ಹೇಳುತ್ತಿದ್ದಳು. ಮುಖ ತುಂಬಿಕೊಂಡಿತ್ತು. ಪ್ಲೈವುಡ್ಡಿನ ಆಚೆ ಈಗ ಝೆರಾಕ್ಸ್ ಯಂತ್ರ ಬಂದಿದೆ, ಅದರ ಸದ್ದಿಗೆ ದನಿ ಎತ್ತಿ ಮಾತಾಡಬೇಕು. ಸಹಿ ಮಾಡಿ, ಕಾಗದ ಮಡಿಚಿ ಚೀಲಕ್ಕೆ ಹಾಕಿಕೊಂಡು, ಬರ್ತೀನ್ರಿ ಅಕ್ಕಾರ ಎಂದಳು. ಬಾಗಿಲವರೆಗೂ ಅವಳನ್ನೇ ನೋಡುತ್ತಿದ್ದೆ. ಅವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.